ಎರಡು ಫೋನು, ಒಂದೇ ಫಾಲ್ಟು

ಅಳಿಯನಿಗೆ ಅತ್ತೆಯನ್ನು ಕಂಡರೆ ಭಯ ಅಂದರೆ ಅವನು ಒಪ್ಪುವುದಿಲ್ಲ. ಗೌರವ ಅನ್ನುತ್ತಾನೆ. ಹತ್ತನೇ ಮಹಡಿಯ ಎತ್ತರದಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ತಂತಿ ಹಗ್ಗಕ್ಕೆ ಗ್ರೀಸ್ ಬಳಿಯುವ ಗಂಡಸು, ಐದಡಿಯೂ ಇಲ್ಲದ ಅರವತ್ತೆಂಟರ ಹೆಂಗಸಿಗೆ ಹೆದರುತ್ತಾನೆ ಅಂದರೆ ಕೇಳಿದವರು ನಗುವುದಿಲ್ಲವೇ? ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಆ ಹೆಂಗಸು ಎದುರು ಕೂತು, ಕನ್ನಡಕದ ಮೇಲಿಂದ ನೋಡಿ, "ಯಾವತ್ತಿಂದ ಹೀಗೆ?" ಅಂತ ಕೇಳಿದರೆ ಸಾಕು, ಮಾಡದ ತಪ್ಪನ್ನೂ ಒಪ್ಪಿಕೊಂಡು ಎದ್ದು ಹೋಗೋಣ ಅನ್ನಿಸುತ್ತಿತ್ತು ಅವನಿಗೆ.

ಅತ್ತೆಗೆ ಅದು ಅಭ್ಯಾಸಬಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರು ಕೇಳುವ ಮೇಜಿನ ಹಿಂದೆ ಕೂತವರು ಅವರು. "ನಮ್ಮ ಫೋನ್ ಸತ್ತಿದೆ" ಅಂತ ಯಾರಾದರೂ ಕೂಗಾಡುತ್ತ ಬಂದರೆ ಮೊದಲು ಕೂರಿಸಿ, ಐದೇ ಪ್ರಶ್ನೆ ಕೇಳಿ, ಲೈನ್‌ಮನ್‌ಗೆ ಒಂದು ಚೀಟಿ ಬರೆದು ಕೊಡುತ್ತಿದ್ದರು. ಅವನು ಹೋಗಿ ಚೀಟಿಯಲ್ಲಿದ್ದ ಕಂಬವನ್ನೇ ಹತ್ತುತ್ತಿದ್ದ, ತಂತಿ ಅಲ್ಲೇ ತುಂಡಾಗಿರುತ್ತಿತ್ತು. ಕುರ್ಚಿ ಬಿಟ್ಟು ಏಳದೆ ಊರಾಚೆಯ ಕಂಬ ತೋರಿಸುವ ಆ ಹೆಂಗಸಿಗೆ ಎಕ್ಸ್‌ಚೇಂಜಿನವರು ಫಾಲ್ಟಮ್ಮ ಅಂತ ಹೆಸರಿಟ್ಟಿದ್ದರು. ಬೆನ್ನ ಹಿಂದೆ ಶುರುವಾದ ಹೆಸರು ಆಮೇಲೆ ಎದುರಿಗೂ ಉಳಿದುಕೊಂಡಿತು. ಅಳಿಯನಿಗೆ ಮಾತ್ರ ಇದೆಲ್ಲ ಹಳೇ ಪುರಾಣ. ಆ ತಂತಿಯೂ ಹೋಯಿತು, ಕಂಬವೂ ಹೋಯಿತು, ಇನ್ನು ಫಾಲ್ಟಮ್ಮನಿಗೇನು ಕೆಲಸ ಅಂತ ಹೆಂಡತಿಯ ಹತ್ತಿರ ಚೇಷ್ಟೆ ಮಾಡುತ್ತಿದ್ದ. ಅತ್ತೆ ಎದುರಿಗಿಲ್ಲದಾಗ, ಅದನ್ನೂ ಹೇಳಿಬಿಡುತ್ತೇನೆ.

ಅವನ ಹೆಂಡತಿಗೆ ಎರಡು ಕಿಡ್ನಿಯೂ ಕೈಕೊಟ್ಟು ಮೂರನೇ ವರ್ಷ. ರೆಡಿಮೇಡ್ ಬಟ್ಟೆ ಹೊಲಿಯುವ ಶೆಡ್ಡಿನಲ್ಲಿ ಕಾಲರ್ ಕೂರಿಸುವ ಕೆಲಸ ಅವಳದು. ವಾರದಲ್ಲಿ ಮೂರು ದಿನ ಹೊಲಿಗೆ, ಮೂರು ದಿನ ಡಯಾಲಿಸಿಸ್. ಭಾನುವಾರ ಒಂದು ದಿನ ಎರಡೂ ಇಲ್ಲ, ಅವತ್ತು ಮಾತ್ರ ಮನುಷ್ಯಳ ಹಾಗಿರ್ತೀನಿ ಅನ್ನುತ್ತಿದ್ದಳು. ಬದಲಿ ಕಿಡ್ನಿಗಾಗಿ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಬರೆಸಿ ಎರಡು ವರ್ಷವಾಗಿತ್ತು. ಅಲ್ಲಿ ಪಟ್ಟಿ ನೋಡಿಕೊಳ್ಳುವ ಮೇಡಂ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದರು: "ಕಿಡ್ನಿ ಯಾವಾಗ ಸಿಗುತ್ತೆ ಅಂತ ದೇವರಿಗೂ ಗೊತ್ತಿಲ್ಲ. ಸಿಕ್ಕಾಗ ಫೋನ್ ಮಾಡ್ತೀವಿ. ಅರ್ಧ ಗಂಟೆಲಿ ಹೂಂ ಅನ್ನಬೇಕು. ಇಲ್ಲ ಅಂದ್ರೆ ಪಟ್ಟಿಲಿ ಮುಂದಿನವರಿಗೆ ಹೋಗುತ್ತೆ. ಫೋನ್ ಮಾತ್ರ ಆರಿಸ್ಬೇಡಿ." ಗಂಡ ಹೆಂಡತಿ ಇಬ್ಬರ ನಂಬರನ್ನೂ ಬರೆದುಕೊಂಡಿದ್ದರು.

ಆ ಫೋನು ಬಂತು. ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಹೆಂಡತಿಯ ನಂಬರಿಗೆ ನಾಲ್ಕು ಸಲ, ಗಂಡನ ನಂಬರಿಗೆ ಐದು ಸಲ. ಒಂಬತ್ತು ಸಲವೂ ಒಂದೇ ಉತ್ತರ, ನೀವು ಕರೆ ಮಾಡಿರುವವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಇದೆಲ್ಲ ಅವರಿಗೆ ಗೊತ್ತಾದದ್ದು ಮಾರನೆಯ ದಿನ, ಡಯಾಲಿಸಿಸ್‌ಗೆ ಹೋದಾಗ. ಮೇಡಂ ಮುಖ ಸಪ್ಪೆ ಮಾಡಿಕೊಂಡು ಬಂದು ಹೇಳಿದರು. ಹೆಂಡತಿ, "ಯಾರಿಗೆ ಸಿಕ್ತು?" ಅಂತ ಕೇಳಿದಳು. ಯಾರೋ ಮೇಷ್ಟರಿಗಂತೆ. "ಒಳ್ಳೇದಾಯ್ತು ಬಿಡಿ, ಪಾಪ, ಅವರೂ ಕಾಯ್ತಿದ್ರಲ್ಲ" ಅಂದಳು. ಆಮೇಲೆ ನಾಲ್ಕು ಗಂಟೆ ಮೆಷಿನ್ನಿಗೆ ತೋಳು ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಭುಜ ಅಲುಗುತ್ತಿದ್ದುದನ್ನು ಗಂಡ ನೋಡಿದ, ನೋಡಲಾರದೆ ಹೊರಗೆ ಹೋಗಿ ನಿಂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ತುತ್ತಲ್ಲ, ಜೀವ.

ಅವನು ಕೈಕಟ್ಟಿ ಕೂರುವ ಆಸಾಮಿಯಲ್ಲ. ಫೋನ್ ಕಂಪನಿಗೆ ಬಾಯಿಗೆ ಬಂದ ಹಾಗೆ ಬೈದ. ಹೆಂಡತಿಯ ಹಳೇ ಫೋನ್ ತೆಗೆದು ಹಾಕಿ ಹೊಸದು ತಂದ, ಅದಕ್ಕೆ ಹಳೇ ಸಿಮ್ ಹಾಕಿ, ಸೆಟ್ಟಿಂಗ್ ಎಲ್ಲ ತಾನೇ ಕೂತು ಮಾಡಿದ. ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಹಿಡಿದು ನೋಡಿದರೆ ಸಿಗ್ನಲ್ ಐದಕ್ಕೆ ಐದು ಕಡ್ಡಿ. "ನೋಡೇ, ಇನ್ನೇನು ಭಯ ಇಲ್ಲ" ಅಂದ. ಒಂದು ವಾರವಾಗಿರಲಿಲ್ಲ, ಮೇಡಂ ಸುಮ್ಮನೆ ಪರೀಕ್ಷೆಗೆಂದು ಮಧ್ಯಾಹ್ನ ಫೋನ್ ಮಾಡಿದರೆ ಮತ್ತದೇ ರಾಗ, ವ್ಯಾಪ್ತಿ ಪ್ರದೇಶದ ಹೊರಗೆ. ಅವತ್ತು ಹೆಂಡತಿ ಮೊದಲ ಸಲ, "ನನ್ನ ಹಣೇಲಿ ಬರೆದಿಲ್ಲ ಕಣ್ರೀ, ಬಿಟ್ಟುಬಿಡಿ" ಅಂದಳು.

ಆ ಮಾತು ಹೇಗೋ ಅತ್ತೆಯ ಕಿವಿಗೆ ಬಿತ್ತು. ಭಾನುವಾರ ಬೆಳಗ್ಗೆ ಒಂದು ಬಟ್ಟೆಚೀಲ, ಒಂದು ಉದ್ದ ನೋಟ್‌ಬುಕ್, ಗುಂಡಿ ಒತ್ತುವ ತಮ್ಮ ಪುಟ್ಟ ಫೋನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಮೊದಲು ನನ್ನ ನಂಬರನ್ನೂ ಆಸ್ಪತ್ರೆಗೆ ಬರೆಸು" ಅಂದರು ಮಗಳಿಗೆ, ಚಪ್ಪಲಿ ಬಿಡುತ್ತಲೇ. "ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡ. ಮೂರನೇ ನಂಬರಿಗೆ ಬರೋಷ್ಟರಲ್ಲಿ ಕಿಡ್ನಿ ನಾಲ್ಕನೇ ಮನೆಗೆ ಹೋಗಿರುತ್ತೆ. ನಿಮ್ಮಿಬ್ಬರ ಫೋನೇ ಸರಿಯಾಗಬೇಕು."

"ಅತ್ತೆ, ಇದು ನಿಮ್ಮ ಕಾಲದ ಫೋನಲ್ಲ" ಅಂದ ಅಳಿಯ, ಆದಷ್ಟು ಮೆತ್ತಗೆ. "ಇದಕ್ಕೆ ಕಂಬ ಇಲ್ಲ, ತಂತಿ ಇಲ್ಲ."

"ಗಂಟೆ ಇದೆಯೋ ಇಲ್ವೋ ಅಳಿಯಂದ್ರೆ?"

"ಗಂಟೆ ಇದೆ."

"ಸಾಕು."

ಅಂದಿನಿಂದ ಮೂರು ದಿನ ಮನೆಯೇ ಎಕ್ಸ್‌ಚೇಂಜ್ ಆಯಿತು. ಅತ್ತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಜಾಗ, ಹೊತ್ತು, ಯಾರಿಂದ ಯಾರಿಗೆ, ಗಂಟೆ ಬಾರಿಸಿತೇ ಅಂತ ಬರೆದುಕೊಂಡರು. ಗಂಟೆಗೊಮ್ಮೆ ತಮ್ಮ ಪುಟ್ಟ ಫೋನಿನಿಂದ ಮಗಳಿಗೆ, ಅಳಿಯನಿಗೆ ಕರೆ ಮಾಡಿದರು. ಆಮೇಲೆ ಅವರಿಂದ ತಮಗೆ ಮಾಡಿಸಿಕೊಂಡರು. ಒಂದು ಕಡೆಯಿಂದ ಹೋದರೆ ಸಾಲದು, ಎರಡು ಕಡೆಯಿಂದಲೂ ಹೋಗಬೇಕು ಅನ್ನುವುದು ಅವರ ಶಾಸ್ತ್ರ. ಅಳಿಯ ಉತ್ಸಾಹದಿಂದ "ಇಲ್ಲಿ ಐದು ಕಡ್ಡಿ ಇದೆ ಅತ್ತೆ" ಅಂದರೆ, "ಕಡ್ಡಿ ಎಣಿಸಬೇಡಿ. ಬಾರಿಸ್ತೋ ಇಲ್ವೋ ಹೇಳಿ" ಅನ್ನುತ್ತಿದ್ದರು. ಇಡೀ ದಿನ ಅದೇ ಪ್ರಶ್ನೆ. ಕೇಳಿ ಕೇಳಿ ಅವನ ತಲೆ ಚಿಟ್ಟು ಹಿಡಿಯಿತು.

ಮನೆಯಲ್ಲಿ ಎಲ್ಲ ಸರಿಯಾಗಿತ್ತು. ಬಾರಿಸುತ್ತಿತ್ತು. ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಸೋಮವಾರ ಮಗಳ ಜೊತೆ ಡಯಾಲಿಸಿಸ್‌ಗೆ ಹೋದರು, ಮಂಗಳವಾರ ಹೊಲಿಗೆ ಶೆಡ್ಡಿಗೆ ಹೋದರು. ಅವತ್ತೇ ಮಧ್ಯಾಹ್ನ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ, ಅಳಿಯ ಲಿಫ್ಟ್ ರಿಪೇರಿ ಮಾಡುತ್ತಿದ್ದ ಕಚೇರಿ ಕಟ್ಟಡದ ಮುಂದೆ ಬಂದು ಇಳಿದರು. ಕಾವಲುಗಾರ ಒಳಗೆ ಬಿಡಲಿಲ್ಲ. "ಒಳಗೆ ಬರೋ ಆಸೆ ಯಾರಿಗಿದೆ, ಅವರನ್ನೇ ಹೊರಗೆ ಕಳಿಸಪ್ಪ" ಅಂದರಂತೆ.

ಅಳಿಯ ಗ್ರೀಸ್ ಕೈ ಒರೆಸುತ್ತ ಹೊರಗೆ ಬಂದ. "ಲಿಫ್ಟಿನ ಬಾವಿಯೊಳಗೆ ಸಿಗ್ನಲ್ ಬರಲ್ಲ ಅತ್ತೆ. ಅವಳ ಶೆಡ್ಡಿಗೆ ತಗಡಿನ ಚಾವಣಿ, ಅಲ್ಲೂ ಬರಲ್ಲ. ಡಯಾಲಿಸಿಸ್ ಇರೋದು ನೆಲಮಾಳಿಗೇಲಿ. ಇದನ್ನ ನಾನು ಅವತ್ತಿಂದ ಹೇಳ್ತಾನೇ ಇದ್ದೀನಿ."

"ಈಗ ನಾವು ಎಲ್ಲಿ ನಿಂತಿದ್ದೀವಿ?"

ಅವನು ಸುತ್ತ ನೋಡಿದ. ರಸ್ತೆ, ಮೇಲೆ ತೆರೆದ ಆಕಾಶ.

"ಫೋನ್ ತೆಗೀರಿ."

ತೆಗೆದ. ಸೇವೆ ಇಲ್ಲ ಅಂತ ಬರೆದಿತ್ತು. ಅತ್ತೆ ತಮ್ಮ ಪುಟ್ಟ ಫೋನನ್ನು ಪಕ್ಕದಲ್ಲಿ ಹಿಡಿದರು. ಅದೇ ಕಂಪನಿಯ ಸಿಮ್ಮು, ತುಂಬು ಸಿಗ್ನಲ್ಲು.

"ಶೆಡ್ಡಿನ ಗೇಟಲ್ಲೂ ಹೀಗೇ, ಆಸ್ಪತ್ರೆ ಮೆಟ್ಟಿಲ ಮೇಲೂ ಹೀಗೇ" ಅಂದರು ಅತ್ತೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ. "ತಗಡು, ಮಾಳಿಗೆ, ಬಾವಿ, ಯಾವುದೂ ಅಲ್ಲ. ನಿಮ್ಮದು ಕೆಟ್ಟಿದೆ, ಅವಳದೂ ಕೆಟ್ಟಿದೆ. ಅವಳ ಹಳೇ ಫೋನೂ ಕೆಟ್ಟಿತ್ತು, ಹೊಸದೂ ಕೆಟ್ಟಿದೆ. ಫೋನ್ ಬದಲಾದ್ರೂ ಫಾಲ್ಟ್ ಬದಲಾಗ್ಲಿಲ್ಲ ಅಂದ್ರೆ ಫಾಲ್ಟ್ ಫೋನಲ್ಲಿಲ್ಲ." ಇಷ್ಟು ಹೇಳಿ ಮುಂದಿನ ಬಸ್ಸು ಹತ್ತಿ ಹೊರಟೇಹೋದರು. ಅಳಿಯ ಅಲ್ಲೇ ನಿಂತ. ಅರೆ, ಇದನ್ನು ತಾನು ಯಾಕೆ ನೋಡಲಿಲ್ಲ? ಲಿಫ್ಟ್ ಕೆಟ್ಟರೆ ಮೋಟರೋ ಬಾಗಿಲೋ ತಂತಿಯೋ ಅಂತ ಒಂದೊಂದನ್ನೇ ತಳ್ಳಿಹಾಕುತ್ತ ಬರುವುದು ತನ್ನ ವಿದ್ಯೆ. ಆ ವಿದ್ಯೆಯನ್ನು ಮುದುಕಿ ನಡುರಸ್ತೆಯಲ್ಲಿ ನಿಂತು ಮಾಡಿ ತೋರಿಸಿದ್ದಳು. ಮೊದಲ ಸಲ ಅವನಿಗೆ ಫಾಲ್ಟಮ್ಮ ಅನ್ನುವ ಹೆಸರು ತಮಾಷೆಯಾಗಿ ಕೇಳಿಸಲಿಲ್ಲ.

ಸಂಜೆ ಅತ್ತೆ ಎರಡೂ ಫೋನುಗಳನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತರು. ಹೆಂಡತಿ ಒಳಗೆ ಮಲಗಿದ್ದಳು. ಅತ್ತೆ ತಮ್ಮ ಫೋನಿನಿಂದ ಕಂಪನಿಯ ದೂರಿನ ನಂಬರಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು. ಹತ್ತು ನಿಮಿಷ ಹಾಡು ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಿದಳು. ಅಳಿಯ ಆಗಿದ್ದರೆ ಅಷ್ಟು ಹೊತ್ತಿಗೆ ಅರ್ಧ ಶತ್ರುವಾಗಿರುತ್ತಿದ್ದ. ಅತ್ತೆ, "ಊಟ ಆಯ್ತೇನಮ್ಮಾ?" ಅಂತ ಶುರು ಮಾಡಿದರು. "ನಾನೂ ಮೂವತ್ತೊಂದು ವರ್ಷ ನಿನ್ನ ಕುರ್ಚಿಲಿ ಕೂತಿದ್ದೆ. ಬೆಳಗ್ಗಿಂದ ಎಷ್ಟು ಜನ ಬೈದ್ರು?"

ಆ ಕಡೆ ಹುಡುಗಿ ನಕ್ಕುಬಿಟ್ಟಳು. "ಎಣಿಸಿಲ್ಲಮ್ಮಾ."

ಅತ್ತೆ ನೋಟ್‌ಬುಕ್ ನೋಡಿ, ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನ ಕರೆ ಅಂತ ಒಂದೂ ಬಿಡದೆ ಹೇಳಿದರು. ಹುಡುಗಿಗೆ ಇಂಥ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಲ್ಲವೇನೋ, ತಾನಾಗಿಯೇ ಒಳಗೆಲ್ಲ ಹುಡುಕಿ ವಿವರವಾಗಿ ಹೇಳತೊಡಗಿದಳು. ಇವರ ಮನೆಯಿದ್ದ ಗುಡ್ಡದ ಮಗ್ಗುಲಲ್ಲಿ ಕಂಪನಿಗೆ ಸ್ವಂತ ಟವರ್ ಇರಲಿಲ್ಲ. ಹೊಳೆಯಾಚೆಯ ಬೇರೆ ಕಂಪನಿಯ ಟವರನ್ನೇ ಒಪ್ಪಂದ ಮಾಡಿಕೊಂಡು ಬಳಸುತ್ತಿದ್ದರು, ಅದಕ್ಕೇ ರೋಮಿಂಗ್ ಅನ್ನುವುದು. ಕಳೆದ ವರ್ಷ ಗುಡ್ಡದ ಮೇಲೆ ಸ್ವಂತ ಟವರ್ ಬಂದಿದೆ. ಆದರೆ ಯಾವ ಟವರ್ ಹಿಡಿಯಬೇಕು ಅಂತ ಫೋನಿಗೆ ಹೇಳುವ ರೋಮಿಂಗ್ ಪಟ್ಟಿ ಇವರ ಸಿಮ್ಮುಗಳಲ್ಲಿ ಹಳೆಯದು. "ನಾನು ಈಗಲೇ ಹೊಸ ಪಟ್ಟಿ ಕಳಿಸ್ತೀನಿ, ಫೋನ್ ಒಂದ್ಸಲ ಆರಿಸಿ ಹಾಕಿ. ಆದ್ರೂ ಅಮ್ಮಾ, ಪಟ್ಟಿ ಹಳೇದಿದ್ರೂ ಊರೊಳಗೆ ಸಿಗ್ನಲ್ ಸಿಗಲೇಬೇಕಿತ್ತು. ಅಲ್ಲಿ ನಮ್ಮದೇ ಟವರ್ ಇದೆ. ಸೆಟ್ಟಿಂಗಲ್ಲಿ ನೆಟ್‌ವರ್ಕ್ ಆಯ್ಕೆ ಏನಿದೆ ನೋಡ್ತೀರಾ? ಆಟೋಮ್ಯಾಟಿಕ್ಕೋ ಮ್ಯಾನುವಲ್ಲೋ?"

ಮ್ಯಾನುವಲ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮೇಜಿನ ಮೇಲಿದ್ದ ತನ್ನ ಫೋನಿನ ಕಡೆ ಅಳಿಯ ಕೈ ಚಾಚಿ ಹಿಂದೆಳೆದುಕೊಂಡ.

ಲಿಫ್ಟಿನವರಿಗೆ ಒಂದು ಪಾಠವಿದೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುತ್ತಾರೆ. ಲಿಫ್ಟಿನ ನೆತ್ತಿಯ ಮೇಲೆ ಕಾಲಿಡುವ ಮುಂಚೆ ಅಲ್ಲಿರುವ ಸ್ವಿಚ್ಚನ್ನು ಆಟೋದಿಂದ ಮ್ಯಾನುವಲ್‌ಗೆ ತಿರುಗಿಸು. ಆಟೋದಲ್ಲಿ ಬಿಟ್ಟರೆ ಕೆಳಗೆ ಯಾರೋ ಗುಂಡಿ ಒತ್ತುತ್ತಾರೆ, ನೀನು ಮೇಲೆ ಜಜ್ಜಿಹೋಗುತ್ತೀಯ. ಇಪ್ಪತ್ತೆರಡು ವರ್ಷ ಆ ಸ್ವಿಚ್ಚು ಅವನ ಜೀವ ಕಾದಿತ್ತು. ಹಾಗಾಗಿ ಅವನಿಗೆ ಪ್ರಪಂಚದಲ್ಲಿ ಆಟೋ ಅಂದರೆ ಅಪಾಯ, ಮ್ಯಾನುವಲ್ ಅಂದರೆ ಕ್ಷೇಮ. ಮನೆಯಲ್ಲಿ ಫೋನು ಆ ಟವರಿಂದ ಈ ಟವರಿಗೆ ಹಾರಿ ಮಾತು ನಡುವೆ ಕಡಿದುಹೋಗುತ್ತಿದ್ದಾಗ, ಅವನೇ ಜಾಣತನದಿಂದ ಇಬ್ಬರ ಫೋನನ್ನೂ ಮ್ಯಾನುವಲ್‌ಗೆ ತಿರುಗಿಸಿ ಹೊಳೆಯಾಚೆಯ ಟವರಿಗೆ ಕಟ್ಟಿಹಾಕಿದ್ದ. ಮನೆಯಲ್ಲಿ ಐದು ಕಡ್ಡಿ ಬಂತು. ಗುಡ್ಡ ಇಳಿದು ಊರೊಳಗೆ ಹೋದರೆ ಆ ಟವರಿಲ್ಲ. ಮ್ಯಾನುವಲ್‌ನಲ್ಲಿರುವ ಫೋನು ಬೇರೆ ಟವರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಸತ್ತ ಹಾಗೆ ಬಿದ್ದಿರುತ್ತದೆ. ಹೊಸ ಫೋನ್ ತಂದ ದಿನವೂ ಅವನು ಮೊದಲು ಮಾಡಿದ ಕೆಲಸ ಅದೇ. ಅಯ್ಯೋ, ಕಂಪನಿಗೆ ಬೈದದ್ದೇನು, ತಗಡಿಗೆ ಬೈದದ್ದೇನು!

ಅತ್ತೆಯ ಬೆರಳು ಸೆಟ್ಟಿಂಗಿನಲ್ಲಿ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು. ಮಗಳ ಫೋನು ಮ್ಯಾನುವಲ್. ಅಳಿಯನ ಫೋನು ಮ್ಯಾನುವಲ್. ಅವರು ತಲೆಯೆತ್ತಿ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ, ಅವನಿಗೆ ಹೆಗಲು ಮುಟ್ಟಿಕೊಳ್ಳುವ ಅಗತ್ಯವೂ ಇರಲಿಲ್ಲ. ಮುಖದಲ್ಲೇ ಎಲ್ಲ ಬರೆದಿತ್ತು.

ಅತ್ತೆ ಒಂದಾದ ಮೇಲೆ ಒಂದರಂತೆ ಎರಡೂ ಫೋನನ್ನು ಆಟೋಮ್ಯಾಟಿಕ್‌ಗೆ ತಿರುಗಿಸಿದರು. "ಸರಿ ಮಾಡ್ದೆ ಕಣಮ್ಮ. ಪಟ್ಟಿ ಕಳಿಸು" ಅಂದರು ಹುಡುಗಿಗೆ. ಫೋನುಗಳನ್ನು ಆರಿಸಿ ಮತ್ತೆ ಹಾಕಿದರು. ಗುಡ್ಡದ ಮೇಲಿನ ಟವರಿನ ಹೆಸರು ಎರಡರಲ್ಲೂ ಮೂಡಿತು. ಬಾರಿಸಿ ನೋಡಿದರು, ಬಾರಿಸಿತು. ಹುಡುಗಿಯ ಹೆಸರು ಕೇಳಿ ಬರೆದುಕೊಂಡರು, "ನಿನ್ನ ಮೇಲಿನವರಿಗೆ ಕಾಗದ ಬರೀತೀನಿ, ಒಳ್ಳೇ ಕೆಲಸ ಮಾಡ್ತೀಯ ಅಂತ" ಅಂದರು. ಬರೆದರೂ ಕೂಡ.

ಸದ್ದಿಗೆ ಎದ್ದು ಬಂದ ಹೆಂಡತಿ, "ಏನಾಗಿತ್ತಮ್ಮಾ?" ಅಂತ ಕೇಳಿದಳು.

"ರೋಮಿಂಗ್ ಪಟ್ಟಿ ಹಳೇದಾಗಿತ್ತು. ಹೊಸದು ಹಾಕ್ಸಿದ್ದೀನಿ. ನಾಳೆಯಿಂದ ಎಲ್ಲಿ ಹೋದ್ರೂ ಬಾರಿಸುತ್ತೆ."

ಅದು ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಆ ತಾಯಿ ಹೊಟ್ಟೆಗೆ ಹಾಕಿಕೊಂಡಿದ್ದಳು. ಮಗಳ ಜೀವ ಅಳಿಯನ ಅತಿಬುದ್ಧಿಯಿಂದ ಕೈ ತಪ್ಪಿದೆ ಅಂತ ಗೊತ್ತಾದ ಮೇಲೂ ಹುಬ್ಬು ಗಂಟಿಕ್ಕದೆ ಕೂತಿದ್ದಳಲ್ಲ, ಎಂಥ ಹೆಂಗಸು ಇವಳು ಅಂತ ಅಳಿಯ ಬೆರಗಾದ. ಕಂಬ ಕಂಡುಹಿಡಿಯುವುದು ವಿದ್ಯೆ, ಒಪ್ಪೋಣ. ಇದು ಬೇರೆ. ಇದನ್ನು ಯಾವ ಎಕ್ಸ್‌ಚೇಂಜಿನಲ್ಲಿ ಕಲಿಸುತ್ತಾರೆ?

ಹಿತ್ತಲಲ್ಲಿ ಅತ್ತೆ ಬಟ್ಟೆ ತೆಗೆಯುತ್ತಿದ್ದಾಗ ಅವನು ಹೋಗಿ ನಿಂತ. "ಅತ್ತೆ... ಬೈದುಬಿಡಿ."

"ಬೈದ್ರೆ ಆ ಮಂಗಳವಾರ ವಾಪಸ್ ಬರುತ್ತಾ?"

"ಅವಳಿಗೆ ಯಾಕೆ ಹೇಳ್ಲಿಲ್ಲ?"

"ಫಾಲ್ಟ್ ಹುಡುಕೋದು ನನ್ನ ಕೆಲಸ ಅಳಿಯಂದ್ರೆ. ಅದನ್ನ ಅವಳಿಗೆ ಹೇಳೋದು ನಿಮ್ಮ ಕೆಲಸ." ಮಡಚಿದ ಬಟ್ಟೆಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದರು.

ಹೇಳಬೇಕು ಹೇಳಬೇಕು ಅಂತಲೇ ಏಳು ತಿಂಗಳು ಕಳೆದವು. ಬೆಳಗ್ಗೆ ಹೇಳೋಣವೆಂದರೆ ಅವಳಿಗೆ ಕೆಲಸದ ಅವಸರ, ಸಂಜೆ ಹೇಳೋಣವೆಂದರೆ ಅವಳಿಗೆ ಸುಸ್ತು. ಭಾನುವಾರ ಅವಳು ನಗುನಗುತ್ತ ಇರುತ್ತಿದ್ದಳು, ಆ ನಗುವನ್ನು ಕೆಡಿಸುವುದು ಯಾಕೆ? ನೆಪಕ್ಕೇನು ಬರ. ವಾರಕ್ಕೆ ಮೂರು ಸಲ ಅವಳ ತೋಳಿಗೆ ದಪ್ಪ ಸೂಜಿ ಇಳಿಯುವುದನ್ನು ನೋಡುತ್ತಿದ್ದ. ಪ್ರತಿ ಸಲವೂ ಅದು ತನ್ನ ಲೆಕ್ಕಕ್ಕೆ ಸೇರಿದ್ದು ಅಂತ ಅವನಿಗೆ ಗೊತ್ತಿತ್ತು.

ಒಂದು ಗುರುವಾರ, ಬೆಳಗ್ಗೆ ಹತ್ತು ಗಂಟೆ. ಆರನೇ ಮಹಡಿಯ ಬಾವಿಯೊಳಗೆ, ಲಿಫ್ಟಿನ ನೆತ್ತಿಯ ಮೇಲೆ ಅವನು ನಿಂತಿದ್ದಾಗ ಜೇಬಿನಲ್ಲಿ ಫೋನು ಬಾರಿಸಿತು. ಮೇಡಂ ಮಾತನಾಡಿದರು. ದನಿಯಲ್ಲಿ ನಗು ತುಂಬಿತ್ತು. "ನಿಮ್ಮ ಮನೆಯವರು ಮೊದಲನೇ ಗಂಟೆಗೇ ಎತ್ತಿದ್ರು. ಶೆಡ್ಡಿಂದ ಹೊರಟಿದ್ದಾರೆ. ನೀವೂ ಬನ್ನಿ." ಅವನು ಕಬ್ಬಿಣದ ಏಣಿ ಇಳಿದದ್ದು ಅವನಿಗೇ ನೆನಪಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಂದುತ್ತದೆ ಅಂದರು, ಹಸಿರು ಅಂಗಿ ತೊಡಿಸಿದರು. ಅತ್ತೆ ಮಗಳ ತಲೆ ಸವರಿ, "ಎಲ್ಲೋ ಒಂದು ಮನೇಲಿ ಈಗ ಅಳ್ತಿದಾರೆ. ಅವರನ್ನ ನೆನೆಸ್ಕೊಂಡು ಒಳಗೆ ಹೋಗು ಕಂದ" ಅಂದರು. ಆಮೇಲೆ ಅಳಿಯನ ಕಡೆ ನೋಡದೆಯೇ ಎದ್ದು, ನೀರು ತರುವ ನೆಪದಲ್ಲಿ ಹೊರಗೆ ನಡೆದರು. ನೀರಿನ ಬಾಟಲಿ ಅಲ್ಲೇ ಮೇಜಿನ ಮೇಲೆ ತುಂಬಿಕೊಂಡು ಕೂತಿತ್ತು.

ಗಂಡ ಮಂಚದ ಕಂಬಿ ಹಿಡಿದು ನಿಂತ. ಏಳು ತಿಂಗಳಲ್ಲಿ ಬೇರೆ ಹೊತ್ತೇ ಸಿಗಲಿಲ್ಲ ನೋಡಿ ಮಹಾರಾಯನಿಗೆ! "ಆ ಮಂಗಳವಾರ ಫೋನ್ ಬರದೇ ಇದ್ದಿದ್ದು ನನ್ನಿಂದ ಕಣೇ. ನಾನೇ ಎರಡೂ ಫೋನನ್ನ ಮ್ಯಾನುವಲ್‌ಗೆ ಹಾಕಿದ್ದೆ. ಪಟ್ಟಿ ಹಳೇದಾಗಿದ್ದಷ್ಟೇ ಅಲ್ಲ. ನಿಮ್ಮಮ್ಮಂಗೆ ಅವತ್ತೇ ಗೊತ್ತಾಗಿತ್ತು."

ಅವಳು ಅವನನ್ನೇ ನೋಡಿದಳು. ಅಷ್ಟರಲ್ಲಿ ನರ್ಸು ಬಂದು ಮಂಚದ ಚಕ್ರದ ಬೀಗ ತೆಗೆದಳು.

"ಈಗ ನನಗೆ ಪುರುಸೊತ್ತಿಲ್ಲ" ಅಂದಳು ಹೆಂಡತಿ, ಹಲ್ಲು ಕಚ್ಚಿ. "ಎಚ್ಚರ ಆದ್ಮೇಲೆ ಮಾತಾಡ್ತೀನಿ ನಿಮ್ಮ ಹತ್ರ. ಎಲ್ಲೂ ಹೋಗ್ಬೇಡಿ."

ಐದು ಗಂಟೆ ಅವನು ಬೆಂಚಿನಿಂದ ಏಳಲಿಲ್ಲ. ಅತ್ತೆ ಪಕ್ಕದಲ್ಲಿ ಕೂತಿದ್ದರು. ಹೇಳಿದಿರಾ ಅಂತ ಕೇಳಲಿಲ್ಲ, ಅವನ ಮುಖ ನೋಡಿ ತಿಳಿದುಕೊಂಡರು. ಒಂದು ಕೈ ಚಾಚಿ ಅವನ ಬೆನ್ನ ಮೇಲೆ ಇಟ್ಟರು, ಬಾಗಿಲು ತೆರೆದು ಡಾಕ್ಟರು ಬಂದು ಕಿಡ್ನಿ ಕೆಲಸ ಶುರು ಮಾಡಿದೆ ಅನ್ನುವವರೆಗೂ ತೆಗೆಯಲಿಲ್ಲ. ಆಗ ಮಾತ್ರ ಆ ಫಾಲ್ಟಮ್ಮ, ಮೂವತ್ತೊಂದು ವರ್ಷ ಯಾರ ಕೂಗಾಟಕ್ಕೂ ಅಲುಗದ ಹೆಂಗಸು, ಮುಖಕ್ಕೆ ಸೆರಗು ಮುಚ್ಚಿಕೊಂಡು ಗೊಳೋ ಎಂದು ಅತ್ತರು. ಅಳಿಯ ಅವರನ್ನು ಅಮ್ಮ ಅಂತ ಕರೆದು ಸಮಾಧಾನ ಮಾಡಿದ.

ಮೂರನೇ ದಿನ ಹೆಂಡತಿಯನ್ನು ನೋಡಲು ಬಿಟ್ಟರು. ಹತ್ತೇ ನಿಮಿಷ. ಅವಳ ಮುಖದಲ್ಲಿ ಊತ ಇಳಿದಿತ್ತು, ಕಣ್ಣಿಗೆ ಬೆಳಕು ಬಂದಿತ್ತು. ಅವನನ್ನು ಕಂಡದ್ದೇ ಶುರು ಮಾಡಿದಳು.

"ಏಳು ತಿಂಗಳು ರೀ. ವಾರಕ್ಕೆ ಮೂರು ಸಲ. ನನ್ನ ಹಣೆಬರಹ ಅಂದ್ಕೊಂಡು ತೋಳು ಕೊಟ್ಟೆನಲ್ಲ ನಾನು. ಯಾರನ್ನ ಕೇಳಿ ಮುಟ್ಟಿದ್ರಿ ನನ್ನ ಫೋನನ್ನ? ಗೊತ್ತಾದ್ಮೇಲಾದ್ರೂ ಹೇಳೋಕೆ ಬಾಯಿರ್ಲಿಲ್ವಾ?"

"ಜಾಸ್ತಿ ಮಾತಾಡ್ಬಾರ್ದು ನೀವು" ಅಂದಳು ನರ್ಸು.

"ಸುಮ್ನಿರಮ್ಮ, ನಿನಗೆ ಗೊತ್ತಿಲ್ಲ" ಅಂದಳು ಹೆಂಡತಿ. ದನಿ ಇನ್ನೂ ಕ್ಷೀಣ, ಆದರೆ ಬೈಗುಳದಲ್ಲಿ ಒಂದಿಷ್ಟೂ ಕಡಿಮೆಯಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಕೇಳುತ್ತ ನಿಂತ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೂರು ವರ್ಷದಿಂದ ಅವಳಿಗೆ ಜಗಳವಾಡುವಷ್ಟು ಉಸಿರೇ ಇರಲಿಲ್ಲ.

ಹತ್ತು ನಿಮಿಷ ಮುಗಿಯಿತು ಅಂತ ನರ್ಸು ಬಾಗಿಲು ತೋರಿಸಿದಳು.

"ನಾಳೆ ಬನ್ನಿ" ಅಂದಳು ಹೆಂಡತಿ. "ಇನ್ನೂ ಮುಗಿದಿಲ್ಲ."

ಮಾರನೆಯ ದಿನ ಅವನು ಹೊತ್ತಿಗೆ ಒಂದು ಗಂಟೆ ಮೊದಲೇ ಬಂದು ಬಾಗಿಲ ಹೊರಗೆ ನಿಂತಿದ್ದ.